ಉಣ್ಣದ ಮಗಳು, ಬಟ್ಟಲು ಹಿಡಿದು ಓಡುವ ಅಜ್ಜಿ

ನಮ್ಮ ದಾವಣಗೆರೆಯ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಒಂದೂವರೆ ವರ್ಷದ ಮಗಳನ್ನು ನೋಡಿ, "ಕೂಸು ಸೊರಗೈತಲ್ಲಪ್ಪ, ಏನೂ ತಿನ್ನಂಗಿಲ್ಲೇನು?" ಅನ್ನುತ್ತಾರೆ. ಒಳಗಿಂದ ಅವ್ವ, "ನಾನೂ ಅದನ್ನೇ ಬಡ್ಕೊಳ್ತೀನಿ" ಅಂತ ದನಿಗೂಡಿಸುತ್ತಾಳೆ.

ಹೆಂಡತಿ ಕೆಲಸಕ್ಕೆ ಹೋಗಿರುತ್ತಾಳೆ. ನನ್ನ ಕಾಲೇಜು ಬೆಳಗಿನದು. ಹಾಗಾಗಿ ಮಧ್ಯಾಹ್ನ ಉಣ್ಣಿಸುವ ಪಾಳಿ ನನ್ನದು. ವರ್ಷ ತುಂಬುವವರೆಗೆ ಕೊಟ್ಟದ್ದೆಲ್ಲ ನುಂಗುತ್ತಿದ್ದ ಕೂಸು, ನಡೆಯಲು ಕಲಿತದ್ದೇ ತಡ, ತುಟಿ ಬಿಗಿದು ತಲೆ ಆಡಿಸತೊಡಗಿತು. ದೃಷ್ಟಿ ಆಗಿದೆ ಅಂತ ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬಾರದಿದ್ದರೆ ದೃಷ್ಟಿ ಆಗಿದೆ ಅಂತ ಲೆಕ್ಕ. ನಾವೆಲ್ಲ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದೆವು. ಅಂದರೆ ಅವ್ವನ ಲೆಕ್ಕದಲ್ಲೇ ದೃಷ್ಟಿ ಇರಲಿಲ್ಲ!

ನಿಜವಾದ ಕಾರಣ, ಮಗುವಿನ ತೂಕ ಗುರುತಿಸುವ ತಾಯಿ ಕಾರ್ಡಿನ ಬೆಳವಣಿಗೆ ಗೆರೆಯಲ್ಲೇ ಕಾಣುತ್ತದೆ. ಮೊದಲ ವರ್ಷ ಆ ಗೆರೆ ಕಡಿದಾಗಿ ಏರುತ್ತದೆ. 3 ಕೆಜಿ ಇದ್ದು ಹುಟ್ಟಿದ ಮಗು ವರ್ಷಕ್ಕೆ ಸುಮಾರು 9 ಕೆಜಿ ಆಗುತ್ತದೆ. ಆಮೇಲೆ ಗೆರೆ ವಾಲುತ್ತದೆ. ಎರಡನೇ ವರ್ಷ ಪೂರ್ತಿ ಹೆಚ್ಚುವುದು ಎರಡು, ಎರಡೂವರೆ ಕೆಜಿ ಅಷ್ಟೇ. ಬೆಳೆಯುವ ವೇಗ ಇಳಿದ ಮೇಲೆ ಹಸಿವೂ ಇಳಿಯುತ್ತದೆ, ಅಲ್ವಾ? ಇವತ್ತು ಎರಡು ತುತ್ತು, ನಾಳೆ ಬಟ್ಟಲು ಖಾಲಿ. ವಾರದ ಊಟ ಒಟ್ಟಿಗೆ ನೋಡಿದರೆ ಬಹಳ ಮಕ್ಕಳದ್ದು ಸರಿಯಾಗೇ ಇರುತ್ತದೆ.

ಇದರ ಜೊತೆಗೆ ಬೇಡ ಅನ್ನಲು ಬರುತ್ತದೆ ಅಂತ ಅವಳಿಗೆ ಈಗಷ್ಟೇ ಗೊತ್ತಾಗಿದೆ. ಚಮಚ ಕೆಳಗೆ ಬಿಡುತ್ತಾಳೆ. ಅದು ಬಿದ್ದ ಕಡೆ ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಎತ್ತಿ ಕೊಟ್ಟರೆ ಮತ್ತೆ ಬಿಡುತ್ತಾಳೆ. ನೋಡುವವರಿಗೆ ಅದು ಹಠ. ಬಿಟ್ಟದ್ದು ಪ್ರತಿ ಸಲ ಬೀಳುತ್ತದಾ, ಅಪ್ಪ ಪ್ರತಿ ಸಲ ಹುಬ್ಬು ಗಂಟಿಕ್ಕುತ್ತಾನಾ, ಎರಡನ್ನೂ ಅವಳು ಪರೀಕ್ಷೆ ಮಾಡುತ್ತಿದ್ದಾಳೆ ಅಂತ ನನ್ನ ಅಂದಾಜು. ನಾನು ಹುಬ್ಬು ಅಲ್ಲಾಡಿಸುವುದನ್ನು ಬಿಟ್ಟಿದ್ದೇನೆ. ಪರೀಕ್ಷೆ ಬೇಗ ಮುಗಿಯುತ್ತದೆ.

ಈಗ ನಮ್ಮ ಪದ್ಧತಿ ಸರಳ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಮ್ಮದು. ಎಷ್ಟು ತಿನ್ನಬೇಕು ಅನ್ನುವುದು ಅವಳದು. ನೆಲಕ್ಕೆ ಹಳೇ ಪೇಪರ್ ಹಾಸಿ, ತಟ್ಟೆಯಲ್ಲಿ ಮೆತ್ತಗಿನ ಅನ್ನ ಸಾರು, ಹಾಲಲ್ಲಿ ನೆನೆಸಿದ ರೊಟ್ಟಿ ಚೂರು, ಬೇಯಿಸಿದ ಗಜ್ಜರಿ ಇಟ್ಟುಬಿಡುತ್ತೇನೆ. ಅವಳೇ ಕೈ ಹಾಕುತ್ತಾಳೆ. ಅರ್ಧ ಪೇಪರಿಗೆ, ಸ್ವಲ್ಪ ಕೂದಲಿಗೆ, ಉಳಿದದ್ದು ಹೊಟ್ಟೆಗೆ. ಹೊಸ ಪದಾರ್ಥವನ್ನು ಒಂದು ಸಲ ಉಗಿದರೆ ಅದು ಇಷ್ಟವಿಲ್ಲ ಅಂತಲ್ಲ. ಕೆಲವು ಮಕ್ಕಳಿಗೆ ಹತ್ತು ಸಲ ತಟ್ಟೆಯಲ್ಲಿ ಕಂಡ ಮೇಲೇ ಧೈರ್ಯ ಬರುವುದು. ಮಂಡಕ್ಕಿಯನ್ನು ಮಾತ್ರ ಹೆಬ್ಬೆರಳು, ತೋರುಬೆರಳಲ್ಲಿ ಒಂದೊಂದೇ ಹೆಕ್ಕಿ ತಿನ್ನುತ್ತಾಳೆ, ಊರಿನ ಗುಣ ಇರಬೇಕು. ಶೇಂಗಾ ಬೀಜ ಆರಿಸಿ ತೆಗೆಯುವುದು ಮರೆಯಬೇಡಿ. ಇಡೀ ಬೀಜ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಎಷ್ಟೋ ಮನೆಗಳಲ್ಲಿ ಹಸಿವು ಕೊಲ್ಲುವುದು ಹಾಲು. ಊಟ ಮಾಡಲಿಲ್ಲ ಪಾಪ ಅಂತ ಬಾಟಲಿ, ಹಾಲು ಕುಡಿದು ಹೊಟ್ಟೆ ತುಂಬಿದ್ದಕ್ಕೆ ಊಟ ಇಲ್ಲ. ಹಸುವಿನ ಹಾಲಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ದಿನಕ್ಕೆ ಅರ್ಧ ಲೀಟರ್ ದಾಟಿದರೆ ರಕ್ತಹೀನತೆಯ ದಾರಿ ಅದು. ರಕ್ತ ಕಡಿಮೆಯಾದರೆ ಹಸಿವು ಇನ್ನೂ ಸಾಯುತ್ತದೆ.

ಮೊಬೈಲ್ ವಿಷಯ. ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ವಿಡಿಯೋ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಆದರೆ ಒಲೆ ಮೇಲೆ ಕುಕ್ಕರ್, ಸೊಂಟದ ಮೇಲೆ ಮಗು, ಮನೆಯಲ್ಲಿ ಇನ್ಯಾರೂ ಇಲ್ಲದ ತಾಯಿ ಐದು ನಿಮಿಷ ಮೊಬೈಲ್ ಕೊಟ್ಟರೆ ಅವಳಿಗೆ ಉಪದೇಶ ಮಾಡಲು ನಾನು ಹೋಗುವುದಿಲ್ಲ.

ಎಲ್ಲ ಉಣ್ಣದಿರುವಿಕೆಯೂ ಮಾಮೂಲಿ ಅಲ್ಲ. ತೂಕ ಇಳಿದರೆ, ಮಗು ಆಟ ಬಿಟ್ಟು ಮಂಕಾದರೆ, ಮುಖ ಬಿಳಿಚಿದರೆ, ವಾಂತಿ ಭೇದಿ ನಿಲ್ಲದಿದ್ದರೆ, ನುಂಗುವಾಗ ಪ್ರತಿ ಸಲ ಕೆಮ್ಮಿದರೆ ಡಾಕ್ಟರಿಗೆ ತೋರಿಸಲೇಬೇಕು. ಉಳಿದಂತೆ ಅಂಗನವಾಡಿಯ ತೂಕವೇ ಸಾಕ್ಷಿ. ಈ ತಿಂಗಳು ಅವ್ವನನ್ನೂ ಕರೆದುಕೊಂಡು ಹೋಗಿದ್ದೆ. ಟೀಚರ್ ಕಾರ್ಡಿನಲ್ಲಿ ಸರಿಯಾದ ತೂಕದ ಹಸಿರು ಪಟ್ಟಿಯೊಳಗೆ ಚುಕ್ಕೆ ಇಟ್ಟು ತೋರಿಸಿದರು. ಅವ್ವ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಆ ತಕ್ಕಡಿ ಕೆಟ್ಟೈತಿ ತಗಿ" ಅಂದಳು.