ಬಣ್ಣ ಎಲ್ಲಿಂದ ಬಂತು ಅಂತ ಕೇಳಿ

ಯಾವುದಾದರೂ ಹೊಸ ಅಪಾರ್ಟ್‌ಮೆಂಟ್ ಒಳಗೆ ಕಾಲಿಟ್ಟು ನೋಡಿ. ಬೂದು ಸೋಫಾ, ಬಿಳಿ ಗೋಡೆ, ಕಂದು ಟಿವಿ ಯೂನಿಟ್. ಯಾರ ಮನೆಗೆ ಹೋದರೂ ಅದೇ. ಅರಿಶಿನ, ಕುಂಕುಮ, ರಂಗೋಲಿ, ಇಳಕಲ್ ಸೀರೆ ನೋಡುತ್ತಾ ಬೆಳೆದ ನಾವು ಹಾಲ್‌ಗೆ ಸಾಮಾನು ಕೊಳ್ಳುವಾಗ ಮಾತ್ರ ಬಣ್ಣಕ್ಕೆ ಯಾಕಿಷ್ಟು ಹೆದರುತ್ತೇವೆ? ನನಗಂತೂ ಬಣ್ಣ ಬೇಕು. ರಾತ್ರಿ ಊಟ ಮುಗಿಸಿ ಇನ್‌ಸ್ಟಾಗ್ರಾಂನಲ್ಲಿ ಹೊಸ ಡಿಸೈನರ್‌ಗಳ ಪೇಜ್ ಹುಡುಕುವುದು ಅಭ್ಯಾಸವೇ ಆಗಿಬಿಟ್ಟಿದೆ. ಒಬ್ಬರ ಪೇಜ್‌ನಿಂದ ಇನ್ನೊಬ್ಬರದ್ದು, ಅಲ್ಲಿಂದ ಮತ್ತೊಬ್ಬರದ್ದು, ಹೀಗೆ ಹೋಗುತ್ತಾ ಇದ್ದರೆ ಗಂಟೆ ಹನ್ನೆರಡಾಗಿದ್ದೇ ಗೊತ್ತಾಗುವುದಿಲ್ಲ.

ಹೀಗೆ ಸಿಕ್ಕವರಲ್ಲಿ ನನಗೆ ತುಂಬಾ ಹಿಡಿಸಿದವರು ಲಂಡನ್ನಿನ ಯಿಂಕಾ ಇಲೋರಿ. ಅಪ್ಪ ಅಮ್ಮ ನೈಜೀರಿಯಾದವರು. ಜನ ಬಿಸಾಡಿದ ಹಳೇ ಕುರ್ಚಿಗಳನ್ನು ತಂದು, ಬಿಚ್ಚಿ, ಹೊಸದಾಗಿ ಜೋಡಿಸಿ, ಕಣ್ಣು ಕೋರೈಸುವ ಬಣ್ಣ ಹಚ್ಚಿ, ಮನೆಯಲ್ಲಿ ಕೇಳಿ ಬೆಳೆದ ನೈಜೀರಿಯಾದ ಗಾದೆ ಮಾತು, ನೀತಿಕತೆಗಳನ್ನು ಆ ಕುರ್ಚಿಗಳ ಮೂಲಕ ಹೇಳತೊಡಗಿದರು. ಅವರು ಹೆಸರು ಮಾಡಿದ್ದೇ ಆ ಕುರ್ಚಿಗಳಿಂದ. 2020ರಲ್ಲಿ ತಮ್ಮದೇ ಮನೆಸಾಮಾನುಗಳನ್ನು ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದರು. ಕಿತ್ತಳೆ ಪಕ್ಕ ಗುಲಾಬಿ, ಅದರ ಪಕ್ಕ ನೀಲಿ. ನಮ್ಮ ಕಣ್ಣಿಗೆ ಇದೇನೂ ಹೊಸದಲ್ಲ, ಅಲ್ವಾ? ಜಾತ್ರೆಯ ಬಳೆ ಅಂಗಡಿ ಮುಂದೆ ನಿಂತವರಿಗೆಲ್ಲ ಗೊತ್ತಿರುವ ಧೈರ್ಯ ಅದು.

ಸ್ಟಾಕ್‌ಹೋಮ್‌ನ ಗುಸ್ತಾವ್ ವೆಸ್ಟ್‌ಮನ್ ಕೂಡ ಇನ್‌ಸ್ಟಾಗ್ರಾಂನಿಂದಲೇ ಮನೆಮಾತಾದವರು. ಮೊದಲು ಎಲ್ಲರೂ ಹಂಚಿಕೊಂಡಿದ್ದು ಅಲೆ ಅಲೆಯಾದ ಚೌಕಟ್ಟಿನ ಕನ್ನಡಿ. ಆಮೇಲೆ ಬಂತು ಉಬ್ಬಿದ ಹಿಡಿಯ ಗುಂಡು ಗುಂಡಾದ ಕಾಫಿ ಕಪ್. 2025ರಲ್ಲಿ ಮನೆಸಾಮಾನು ಕಂಪನಿ ಐಕಿಯಾ ಅವರ ಜೊತೆ ಸೇರಿ ಸಾಮಾನು ಹೊರತಂದಿತು. ಮಾಂಸದ ಉಂಡೆಗಳನ್ನು ಸಾಲಾಗಿ ಕೂರಿಸಲಿಕ್ಕೆಂದೇ ಅದರಲ್ಲೊಂದು ಉದ್ದನೆಯ ತಟ್ಟೆ ಇದೆ. ನನಗೆ ಅದನ್ನು ನೋಡಿದ ತಕ್ಷಣ ಪಡ್ಡು ನೆನಪಾಯಿತು.

ಆದರೆ ಇವರದ್ದನ್ನೆಲ್ಲ ಇಲ್ಲಿಗೆ ತರಿಸುವುದು ಕಷ್ಟ. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿದರೆ ಒಂದು ಕಾಫಿ ಕಪ್‌ನ ಬೆಲೆ ಎಲ್ಲಿಗೋ ಹೋಗುತ್ತದೆ. ಹಾಗಾಗಿ ನೋಡಿ ಕಣ್ಣು ತುಂಬಿಸಿಕೊಳ್ಳುತ್ತೇನೆ, ಕೊಳ್ಳುವುದು ಇಲ್ಲಿನ ಹೊಸಬರ ಹತ್ತಿರ.

ಕೊಳ್ಳುವಾಗ ನಾನು ಕೇಳುವುದು ಒಂದೇ ಮುಖ್ಯ ಪ್ರಶ್ನೆ. ಈ ಬಣ್ಣ ವಸ್ತುವಿನ ಮೇಲೆ ಹೇಗೆ ಬಂತು?

ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಗೆ ಸ್ಟಿಕ್ಕರ್ ಅಂಟಿಸಿದ ಸ್ಟೂಲೂ ಚೆಂದ, ಕಬ್ಬಿಣಕ್ಕೆ ಪೌಡರ್ ಕೋಟಿಂಗ್ ಮಾಡಿದ ಸ್ಟೂಲೂ ಚೆಂದ. ಮೊದಲನೆಯದಕ್ಕೆ ನೆಲ ಒರೆಸುವ ನೀರು ತಾಗಿ ತಾಗಿ ಅಂಚು ಏಳುತ್ತದೆ. ಎರಡನೆಯದರಲ್ಲಿ ಬಣ್ಣದ ಪುಡಿಯನ್ನು ಎರಚಿ ಸುಮಾರು 180, 200 ಡಿಗ್ರಿ ಶಾಖದಲ್ಲಿ ಬೇಯಿಸಿರುತ್ತಾರೆ, ಅದು ಅಷ್ಟು ಸುಲಭಕ್ಕೆ ಏಳುವುದಿಲ್ಲ. ಸ್ಟೋನ್‌ವೇರ್ ಅನ್ನುವ ಗಟ್ಟಿ ಮಣ್ಣಿನ ತಟ್ಟೆಯ ಬಣ್ಣ, ಮೇಲೆ ಬಳಿಯುವ ಗ್ಲೇಜ್ ಲೇಪದ ಜೊತೆ 1200 ಡಿಗ್ರಿ ಆಸುಪಾಸಿನಲ್ಲಿ ಬೆಂದು ಗಾಜಿನಂತೆ ಗಟ್ಟಿಯಾಗಿರುತ್ತದೆ. ಅದಕ್ಕೇ ಪೇಜ್‌ನಲ್ಲಿ ಅಂಚಿನ ಫೋಟೋ, ತಳದ ಫೋಟೋ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಮೆಸೇಜ್ ಹಾಕಿ ಕೇಳಿ. ತಾವೇ ಕೂತು ಮಾಡಿಸಿದವರು ಖುಷಿಯಿಂದ ಉದ್ದುದ್ದ ಉತ್ತರ ಬರೆಯುತ್ತಾರೆ.

ಹಾಗಂತ ಲ್ಯಾಮಿನೇಟ್, ಅಂದರೆ ಹಲಗೆಗೆ ಅಂಟಿಸುವ ಬಣ್ಣದ ಹಾಳೆ, ಯಾವಾಗಲೂ ಅಗ್ಗದ್ದು ಅಂತಲೂ ಅಲ್ಲ. 1981ರಲ್ಲಿ ಮಿಲಾನ್‌ನಲ್ಲಿ ಮೆಂಫಿಸ್ ಎಂಬ ಡಿಸೈನರ್‌ಗಳ ಗುಂಪು ಮೊದಲ ಪ್ರದರ್ಶನ ಮಾಡಿದಾಗ ಅದರ ಮುಂದಾಳು ಎತ್ತೋರೆ ಸೊತ್ಸಾಸ್ ಅವರ ಕಾರ್ಲ್‌ಟನ್ ಎಂಬ ಪುಸ್ತಕದ ಕಪಾಟು ಪೂರ್ತಿ ಬಣ್ಣ ಬಣ್ಣದ ಲ್ಯಾಮಿನೇಟ್‌ನಲ್ಲೇ ಇತ್ತು. ಈಗಲೂ ಹೊಸ ಹುಡುಗರ ಕೆಲಸದಲ್ಲಿ ಅದರ ನೆರಳು ಕಾಣುತ್ತದೆ. ಸೊತ್ಸಾಸ್ 1961ರಲ್ಲಿ ಭಾರತ ಸುತ್ತಿದ್ದರು, 1964ರಲ್ಲಿ ಶಿವನ ಹೆಸರಿನಲ್ಲೇ ಪಿಂಗಾಣಿ ತಟ್ಟೆಗಳನ್ನು ಮಾಡಿದರು. ನಾವು ಮಾತ್ರ ಬೂದು ಸೋಫಾ ಕೊಳ್ಳುತ್ತಿದ್ದೇವೆ!

ಬಣ್ಣ ಹೇಗೆ ಬಂತು ಅನ್ನುವ ಪ್ರಶ್ನೆಗೆ ಎಲ್ಲಕ್ಕಿಂತ ಚೆಂದದ ಉತ್ತರ ಇರುವುದು ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ. ಅಲ್ಲಿ ಬಣ್ಣ ಹಚ್ಚಲು ಕುಂಚವೇ ಬೇಡ. ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾರೆ. ಉಳಿಯಿಂದ ಕೆತ್ತಿ ಆಕಾರ ಬಂದ ಮೇಲೆ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರದ ಮೇಲೆ ಹರಡಿಕೊಳ್ಳುತ್ತದೆ. ಆಗಿನ್ನೂ ಅದು ಮಂಕಾಗಿ, ಗೀರು ಗೀರಾಗಿ ಕಾಣುತ್ತದೆ. ಆಮೇಲೆ ಒಣಗಿದ ಕೇದಗೆ ಗರಿಯನ್ನು ಮಡಚಿ ಒತ್ತುತ್ತಾರೆ ನೋಡಿ, ಕಣ್ಣೆದುರೇ ಹೊಳಪು ಬರುತ್ತದೆ. ಇದರ ವಿಡಿಯೋಗಳು ಬೇಕಾದಷ್ಟಿವೆ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡದ ಬಣ್ಣ, ಹೀಗೆ ಗಿಡಮೂಲದ ಬಣ್ಣಗಳನ್ನು ಬಳಸುವವರು ಇದ್ದಾರೆ.

ಚನ್ನಪಟ್ಟಣ ಅಂದರೆ ಬುಗುರಿ, ಗಿಲಕಿ, ತಳ್ಳುವ ಗಾಡಿ ಅಂತಷ್ಟೇ ನಾವು ಅಂದುಕೊಂಡಿದ್ದೇವೆ. ಅದೇ ಲೇತ್‌ನಲ್ಲಿ ದೀಪದ ಕಂಬ, ಊಟದ ಮೇಜಿನ ನ್ಯಾಪ್‌ಕಿನ್ ಸಿಕ್ಕಿಸುವ ಉಂಗುರ, ಡಬ್ಬಿ, ಬಾಗಿಲ ಗುಬುಟು ಎಲ್ಲ ಆಗುತ್ತವೆ. ಬೆಂಗಳೂರಿನ ವರ್ಣಂ ಎಂಬ ಸಂಸ್ಥೆ ಕುಶಲಕರ್ಮಿಗಳ ಜೊತೆ ಕೂತು ಇಂಥ ಮನೆಸಾಮಾನುಗಳನ್ನು ಮಾಡಿಸುತ್ತಾ ಬಂದಿದೆ. ಡಿಸೈನ್ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಕೂಡ ಸ್ಟೂಲಿನ ಕಾಲನ್ನು ಮಣಿ ಪೋಣಿಸಿದ ಹಾಗೆ ಬಣ್ಣದ ತುಂಡುಗಳಲ್ಲಿ ಜೋಡಿಸಿ ಹಾಕುತ್ತಿದ್ದಾರೆ. ಅಂಥದ್ದೊಂದು ಸ್ಟೂಲ್ ನಮ್ಮ ಮನೆಗೂ ಬಂತು. ಕೆಳಗಿನಿಂದ ಹಸಿರು, ಸಾಸಿವೆ ಹಳದಿ, ಕೆಂಪು, ಮತ್ತೆ ಹಸಿರು. ಕೈಯಾಡಿಸಿದರೆ ಬಣ್ಣ ಬದಲಾಗುವ ಕಡೆ ಸಣ್ಣ ಗೀರು ಸಿಗುತ್ತದೆ, ಉಳಿಯ ತುದಿ ತಾಗಿದ ಗುರುತು. ಬಂದವರೆಲ್ಲ ಮೊದಲು ಮುಟ್ಟುವುದು ಅದನ್ನೇ.

ಒಂದು ಮಾತು ನೆನಪಿಡಿ. ಅರಗು ಬಿಸಿಗೆ ಮೆತ್ತಗಾಗುತ್ತದೆ. ಅದರ ಮೇಲೆ ಬಿಸಿ ಪಾತ್ರೆ ಇಡಬೇಡಿ, ನೀರಿನಲ್ಲಿ ನೆನೆಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಇದನ್ನು ಪೇಜ್‌ನಲ್ಲೇ ಸ್ಪಷ್ಟವಾಗಿ ಬರೆದಿರುವ ಡಿಸೈನರ್ ಮೇಲೆ ನನಗೆ ಜಾಸ್ತಿ ನಂಬಿಕೆ. ಮಾಡಿದ ಕೈಯ ಹೆಸರು ಹಾಕಿದ್ದರೆ ಇನ್ನೂ ಜಾಸ್ತಿ. "ಕೈಯಿಂದ ಮಾಡಿದ್ದು" ಅಂತ ಬರೆದು, ಯಾವ ಊರು, ಯಾರು ಅಂತ ಕೇಳಿದರೆ ಮಾತು ತೇಲಿಸುವವರ ಹತ್ತಿರ ನಾನು ಕೊಳ್ಳುವುದಿಲ್ಲ.

ಬೆಲೆ? ದೊಡ್ಡ ಅಂಗಡಿಯ ಸಾಮಾನಿಗಿಂತ ಹೆಚ್ಚೇ ಇರುತ್ತದೆ. ಹತ್ತಿಪ್ಪತ್ತು ಮಾತ್ರ ಮಾಡುವವರಿಗೆ ಸಾವಿರಗಟ್ಟಲೆ ಮಾಡುವವರ ಬೆಲೆ ಗಿಟ್ಟುವುದಿಲ್ಲ. ಚೌಕಾಸಿ ಮಾಡದೆ, ಸ್ವಲ್ಪ ದುಡ್ಡು ಕೂಡಿಟ್ಟು, ಒಂದೊಂದೇ ತರಿಸಿ.

ಸದ್ಯ ನಾನು ಹುಡುಕುತ್ತಿರುವುದು ಓದುವ ಮೇಜಿಗೊಂದು ದೀಪ. ಕಂಬ ಅರಗಿನದ್ದಾಗಿರಬೇಕು, ಬಿಸಿ ಜಾಸ್ತಿ ತಾಗದ ಹಾಗೆ ಎಲ್‌ಇಡಿ ಬಲ್ಬ್ ಇರಬೇಕು, ಬೂದು ಬಣ್ಣ ಎಲ್ಲೂ ಬೇಡ. ನಿಮಗೆ ಗೊತ್ತಿರುವವರು ಯಾರಾದರೂ ಮಾಡುತ್ತಿದ್ದರೆ ಪೇಜ್ ಹೆಸರು ಕಳಿಸಿ. ಹೋದ ತಿಂಗಳಷ್ಟೇ ಶುರು ಮಾಡಿದವರಾದರೂ ಸರಿ.