ಜೀರುಂಡೆ ನಿಂತಾಗ

ದಾವಣಗೆರೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವುದು ನನ್ನ ಕೆಲಸ. ಹೋದ ಆಷಾಢದಲ್ಲಿ ಮುಹೂರ್ತಗಳಿಲ್ಲದೆ ಕೈ ಖಾಲಿ ಇತ್ತು. ಆಗ ದುರ್ಗದ ಕಡೆಯ ಹುಡುಗರು ಹಾರ್ಡ್ ಡಿಸ್ಕ್ ತಂದುಕೊಟ್ಟರು. ಹಳ್ಳಿಯ ಹಳೇ ಮನೆಯೊಂದರಲ್ಲಿ ಹಾರರ್ ಕಿರುಚಿತ್ರ ಮಾಡಿದ್ದರು. "ಅಣ್ಣಾ, ಟ್ರೈಲರ್ ನೋಡಿದವರು ಬೆಚ್ಚಿಬೀಳಬೇಕು" ಅಂದರು.

ಮೊದಲ ಸಲ 90 ಸೆಕೆಂಡಿಗೆ 70 ಕಟ್ ಹಾಕಿದೆ. ಶುರುವಿನಿಂದ ಕೊನೆವರೆಗೂ ಡ್ರಮ್ಮು, ಕಿರುಚಾಟ. ಮನೆಯಲ್ಲಿ ಅವ್ವನಿಗೆ ಮೊಬೈಲಿನಲ್ಲಿ ತೋರಿಸಿದೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ದೆವ್ವ ಎದುರಿಗೆ ಬಂದಾಗಲೂ ಅವಳ ಬೆರಳು ನಿಲ್ಲಲಿಲ್ಲ. "ಸೌಂಡ್ ಕಮ್ಮಿ ಮಾಡಪ್ಪ, ತಲೆ ನೋಯ್ತೈತಿ" ಅಂದಳು.

ಬೇಜಾರಾಯ್ತು. ಆಮೇಲೆ ನಾಲ್ಕೈದು ರಾತ್ರಿ ಬರೀ ಹಾರರ್ ಟ್ರೈಲರ್ ನೋಡಿದೆ. ಒಂದೊಂದನ್ನೂ ಮೊದಲು ಸೌಂಡ್ ಮ್ಯೂಟ್ ಮಾಡಿ ನೋಡುತ್ತಿದ್ದೆ, ಆಮೇಲೆ ಕಣ್ಣು ಮುಚ್ಚಿ ಕೇಳುತ್ತಿದ್ದೆ. 'ದಿ ಶೈನಿಂಗ್' ಅನ್ನುವ 1980ರ ಇಂಗ್ಲಿಷ್ ಹಾರರ್ ಚಿತ್ರದ ಮೊದಲ ಟ್ರೈಲರಿನಲ್ಲಿ ಇರುವುದು ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಲಿಫ್ಟ್ ಬಾಗಿಲಿಂದ ರಕ್ತ ನುಗ್ಗಿ ಬರುತ್ತದೆ, ಅಲ್ಲಿವರೆಗೂ ಕ್ಯಾಮೆರಾ ಅಲ್ಲಾಡುವುದೇ ಇಲ್ಲ. ಕಾಯುವುದರಲ್ಲೇ ಹೆದರಿಕೆ ಇದೆ.

ಮದುವೆ ವಿಡಿಯೋದಲ್ಲಿ ಬೀಟ್ ಬಿದ್ದಲ್ಲೆಲ್ಲಾ ಕಟ್ ಮಾಡುತ್ತೇವೆ. ಮುಂದಿನದು ಯಾವಾಗ ಅಂತ ನೋಡುವವರಿಗೆ ಗೊತ್ತಿರುತ್ತದೆ, ಅದೇ ಅಲ್ಲಿ ಖುಷಿ. ಹೆದರಿಸುವಾಗ ಆ ಲೆಕ್ಕ ಸಿಗಲೇಬಾರದು, ಅಲ್ವಾ? ನಾನು ಅದೇ ಕೈರೂಢಿಯಲ್ಲಿ ಇದನ್ನೂ ಕತ್ತರಿಸಿದ್ದೆ.

ಹೊಸದಾಗಿ ಕೂತೆ. ಹುಡುಗಿ ಬಾಗಿಲ ಚಿಲಕದ ಮೇಲೆ ಕೈಯಿಡುವ ಶಾಟನ್ನು ಮೊದಲು ಅರ್ಧ ಸೆಕೆಂಡ್ ಇಟ್ಟಿದ್ದೆ. ಈಗ ಐದು ಸೆಕೆಂಡ್ ಬಿಟ್ಟೆ. ಮ್ಯೂಸಿಕ್ ಪೂರ್ತಿ ತೆಗೆದು ಜೀರುಂಡೆ ಸದ್ದು ಮಾತ್ರ ಉಳಿಸಿದೆ. ಯಾರಾದರೂ ಹತ್ತಿರ ಬಂದರೆ ಜೀರುಂಡೆ ಥಟ್ಟನೆ ಸುಮ್ಮನಾಗುತ್ತದೆ, ಹಳ್ಳಿಯಲ್ಲಿ ಬೆಳೆದವರಿಗೆಲ್ಲಾ ಗೊತ್ತು. ಹಾಗೇ ನಿಲ್ಲಿಸಿದೆ, 20 ಫ್ರೇಮ್, ಅಂದರೆ ವಿಡಿಯೋದ 20 ಬಿಡಿ ಚಿತ್ರಗಳಷ್ಟು ಹೊತ್ತು. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಒಂದು ಸೆಕೆಂಡೂ ಇಲ್ಲ. ಅಲ್ಲಿ ಸೌಂಡನ್ನು ಪೂರ್ತಿ ಸೊನ್ನೆ ಮಾಡಿದರೆ ಮೊಬೈಲ್ ಕೆಟ್ಟಿತೇನೋ ಅನ್ನಿಸುತ್ತದೆ. ಅದಕ್ಕೇ ಖಾಲಿ ಕೋಣೆಯ ಸಣ್ಣ ಗಾಳಿ ಸದ್ದು ಉಳಿಸಿಕೊಂಡೆ. ಆಮೇಲೆ ಚಿಲಕ ಜಾರುವ ಸದ್ದು. ಚಿತ್ರದಲ್ಲಿ ಹುಡುಗಿಯ ಮುಖವೇ ಇದೆ, ಬಾಗಿಲು ಇನ್ನೂ ಕಾಣಿಸಿಲ್ಲ. ಸದ್ದು ಮೊದಲು ಬರಬೇಕು, ಚಿತ್ರ ಹಿಂದಿನಿಂದ ಬರಬೇಕು.

ಇನ್ನೊಂದು ತಪ್ಪೂ ಮಾಡಿದ್ದೆ. ಹೆಡ್‌ಫೋನಿನಲ್ಲಿ ಎದೆ ನಡುಗಿಸುತ್ತಿದ್ದ ಗುಡುಗುಡು ಸದ್ದು ಮೊಬೈಲಿನಲ್ಲಿ ಬರುತ್ತಲೇ ಇರಲಿಲ್ಲ. 100 ಹರ್ಟ್ಜ್‌ಗಿಂತ ಕೆಳಗಿನ ತೀರಾ ದಪ್ಪ ಸದ್ದನ್ನು ಆ ಪುಟ್ಟ ಸ್ಪೀಕರ್ ಸರಿಯಾಗಿ ಕೊಡಲಾರದು. ಅದಕ್ಕೇ ಅದರ ಜೊತೆ ಮೊಬೈಲಿನಲ್ಲೂ ಕೇಳಿಸುವ, ತಗಡು ಕೆರೆಯುವ ಸದ್ದು ಸೇರಿಸಿದೆ. ಕೊನೆಯ ಕಿರುಚಾಟವನ್ನು ಮೊದಲಿಗಿಂತ 6 ಡೆಸಿಬೆಲ್ ಇಳಿಸಿದೆ. ಆದರೂ ಮುಂಚೆ ಅಷ್ಟು ಸದ್ದಿಲ್ಲದ್ದಕ್ಕೆ ಜಾಸ್ತಿ ಆದಂತೆ ಕೇಳಿಸಿತು.

ಮತ್ತೆ ಅವ್ವನಿಗೇ ತೋರಿಸಿದೆ, ಮತ್ತೆ ಅದೇ ಮೊರ. ಜೀರುಂಡೆ ನಿಂತಾಗ ಅವಳ ಬೆರಳೂ ನಿಂತಿತು. ಚಿಲಕ ಜಾರಿದಾಗ ಅವಳು ನೋಡಿದ್ದು ಮೊಬೈಲನ್ನಲ್ಲ, ನಮ್ಮ ಹಿತ್ತಲ ಬಾಗಿಲನ್ನು. ಆ ರಾತ್ರಿಯೇ ಹುಡುಗರಿಗೆ ಫೈಲ್ ಕಳಿಸಿದೆ.