ಕ್ಯಾತ್ಸಂದ್ರದ ನಮ್ಮ ಮನೆಗೆ ವೈಫೈ ಪ್ರಿಂಟರ್ ಬಂತು

ಮಗಳಿಗೆ ಪ್ರಾಜೆಕ್ಟ್ ನೆನಪಾಗುವುದು ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಕ್ಯಾತ್ಸಂದ್ರದ ಜೆರಾಕ್ಸ್ ಅಂಗಡಿ ಮುಚ್ಚಿರುತ್ತದೆ. ಬೆಳಗ್ಗೆ ಏಳಕ್ಕೇ ಶಾಲೆ ಬಸ್ಸು. ಇನ್ನು ಸಾಕು ಅನ್ನಿಸಿ, ತುಮಕೂರು ಪೇಟೆಗೆ ಹೋಗಿ ಪ್ರಿಂಟರ್ ತಂದೆ.

ಕಾರ್ಟ್ರಿಜ್, ಅಂದರೆ ಇಂಕ್ ಡಬ್ಬಿಯನ್ನೇ ಬದಲಿಸುವ ಪ್ರಿಂಟರ್ ಅಗ್ಗ ಇತ್ತು. ಆದರೆ ನಮ್ಮದು ಪುಟ ಜಾಸ್ತಿ, ಅದಕ್ಕೇ ಬಾಟಲಿಯಿಂದ ಇಂಕ್ ತುಂಬುವ ಟ್ಯಾಂಕ್ ಪ್ರಿಂಟರ್ ಆರಿಸಿದೆ. ಶುರುವಿನಲ್ಲಿ ದುಡ್ಡು ಹೆಚ್ಚು, ಆಮೇಲೆ ಪುಟದ ಖರ್ಚು ತುಂಬಾ ಕಮ್ಮಿ.

ಕಷ್ಟವಾಗಿದ್ದು ವೈಫೈಗೆ ಸೇರಿಸುವಾಗ. ಒಂದು ಗಂಟೆ ಒದ್ದಾಡಿದೆ. ಪಟ್ಟಿಯಲ್ಲಿ ನಮ್ಮ ವೈಫೈ ಹೆಸರೇ ಇಲ್ಲ! ಕೊನೆಗೆ ಕಾರಣ ಗೊತ್ತಾಯಿತು. ನಮ್ಮ ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಎಂಬ ವೈಫೈ ತರಂಗ ಮಾತ್ರ ಆನ್ ಆಗಿತ್ತು. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳು ಹಿಡಿಯುವುದು 2.4 ಗಿಗಾಹರ್ಟ್ಸ್ ಮಾತ್ರ. ವೇಗ ಕಮ್ಮಿ ಇದ್ದರೂ ಗೋಡೆ ದಾಟುವುದರಲ್ಲಿ 2.4 ವಾಸಿ. ಪ್ರಿಂಟ್‌ಗೆ ಅಷ್ಟು ಸಾಕು, ಅಲ್ವಾ? ರೂಟರ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿದೆ. ಮೊಬೈಲನ್ನೂ ಅದಕ್ಕೇ ಹಾಕಿ, ಪ್ರಿಂಟರ್‌ನ ಆ್ಯಪ್ ತೆರೆದೆ. ಐದೇ ನಿಮಿಷ, ಕೆಲಸ ಮುಗಿಯಿತು.

ಆಮೇಲೊಂದು ತೊಂದರೆ. ಕರೆಂಟ್ ಹೋಗಿ ಬಂದಾಗಲೆಲ್ಲ ಲ್ಯಾಪ್‌ಟಾಪ್ 'ಆಫ್‌ಲೈನ್' ಅನ್ನುತ್ತಿತ್ತು. ರೂಟರ್ ಪ್ರಿಂಟರ್‌ಗೆ ಹೊಸ ಐಪಿ ವಿಳಾಸ (ಮನೆಯ ವೈಫೈನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಟ್ಟುಬಿಡುತ್ತಿತ್ತು, ಲ್ಯಾಪ್‌ಟಾಪ್ ಹಳೆಯದನ್ನೇ ಹುಡುಕುತ್ತಿತ್ತು. ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದು ವಿಳಾಸ ಕಾಯಂ ಮಾಡಿದೆ. ಅಲ್ಲಿಂದ ಆ ಕಾಟ ಇಲ್ಲ.

ಸುಮ್ನೆ ಬಿಟ್ಟರೆ ಇಂಕ್ ಒಣಗಿ, ಅದು ಚಿಮ್ಮುವ ನಳಿಕೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಭಾನುವಾರಕ್ಕೊಂದು ಬಣ್ಣದ ಪುಟ. ಮೊನ್ನೆ ಮಗಳು ಸಿದ್ಧಗಂಗೆ ಬೆಟ್ಟದ ಫೋಟೋ ಪ್ರಿಂಟ್ ಮಾಡಿಸಿ ಗೋಡೆಗೆ ಅಂಟಿಸಿದಳು.